ಕೆಳಗಿನಿಂದ ಎರಡನೆಯ ಚೌಕ

ಮಗ್ಗ ನಿಂತ ಹೊತ್ತಿನಲ್ಲಿ ನನಗೆ ಈಗಲೂ ಆ ನೀಲಿ ಗೆರೆ ಕಾಣುತ್ತದೆ. ಲ್ಯಾಪ್‌ಟಾಪಿನ ಪರದೆಯ ಮೇಲೆ ಎಡದಿಂದ ಬಲಕ್ಕೆ ಮೆಲ್ಲಗೆ ತುಂಬುತ್ತ ಹೋಗುವ ಗೆರೆ. ಅದು ತುಂಬಿದಷ್ಟೂ ಅಕ್ಕ ಕೂಡಿಸಿಟ್ಟಿದ್ದು ಅಳಿಯುತ್ತಿತ್ತು. ನಾನು ಅದರ ಮುಂದೆ ಚಹಾ ಕುಡಿಯುತ್ತ ಕೂತಿದ್ದೆ.

ನಾನು ಓದಿದ್ದು ಏಳನೆಯ ಇಯತ್ತೆಯವರೆಗೆ. ಆಮೇಲೆ ಬೆಟಗೇರಿಯ ನಮ್ಮ ಮನೆಯ ಮಗ್ಗಕ್ಕೆ ಕೂತೆ. ಅಕ್ಕ ಕಾಲೇಜು ಮುಗಿಸಿ, ಸೀರೆಯ ದಡಿಗಳನ್ನು, ಅಂಚಿನ ಚಿತ್ತಾರಗಳನ್ನು, ಕಂಪ್ಯೂಟರಿನಲ್ಲಿ ಬಿಡಿಸುವುದನ್ನು ಕಲಿತಳು. ಲಕ್ಷ್ಮೇಶ್ವರ, ಶಿರಹಟ್ಟಿ, ಬೆಳ್ಳಟ್ಟಿ, ಮುಂಡರಗಿ ಅಂತ ಬಸ್ಸು ಹಿಡಿದು ಹೋಗುತ್ತಿದ್ದಳು. ಮುದುಕಿಯರು ಟ್ರಂಕಿನಿಂದ ತೆಗೆದು ತೋರಿಸಿದ ಹಳೆಯ ಸೀರೆಗಳ ಫೋಟೊ ಹಿಡಿದು, ದಡಿಯ ಎಳೆ ಎಣಿಸಿ ಬಂದು, ಚೌಕ ಚೌಕವಾಗಿ ಬಿಡಿಸಿಡುತ್ತಿದ್ದಳು. ಹೀಗೆ ನಾಲ್ಕು ವರ್ಷ, ಇಪ್ಪತ್ತೊಂದು ಮನೆ ತಿರುಗಿದಳು. ಈಗ ಯಾರೂ ನೇಯದ ದಡಿಗಳು ಅವು. ಫೋನಿನಲ್ಲಿ ಜಾಗ ಸಾಲದೆ ಫೋಟೊಗಳನ್ನೂ ಲ್ಯಾಪ್‌ಟಾಪಿಗೇ ಹಾಕಿದ್ದಳು.

ಅದು ಹಳೆಯ ಲ್ಯಾಪ್‌ಟಾಪು. ಚಾಲೂ ಆಗಲು ಅರ್ಧ ತಾಸು ಬೇಕಾಗುತ್ತಿತ್ತು. ಒಳಗಿನ ಸಿಸ್ಟಮ್ ತೆಗೆದು ಲಿನಕ್ಸ್ ಹಾಕಿದರೆ ಹಗುರಾಗುತ್ತದೆ ಎಂದು ಅಕ್ಕ ಎಲ್ಲೋ ತಿಳಿದುಕೊಂಡು ಬಂದು, ಪೆನ್‌ಡ್ರೈವನ್ನೂ ಸಿದ್ಧಮಾಡಿದಳು. ಅಷ್ಟರಲ್ಲಿ ಅವಳ ಕಣ್ಣಿನ ಆಪರೇಷನ್ ಆಯಿತು. ಹದಿನೈದು ದಿನ ಪರದೆ ನೋಡಬಾರದು ಎಂದರು ಡಾಕ್ಟರು. ಅವಳಿಗೆ ಕಾಯುವ ತಾಳ್ಮೆ ಇರಲಿಲ್ಲ. ಒಂದೇ ಕಣ್ಣಿನಲ್ಲಿ ನೋಡುತ್ತ ಗ್ರಾಫ್ ಹಾಳೆಯ ಮೇಲೆ ಬರೆದು ನನ್ನ ಕೈಗೆ ಕೊಟ್ಟಳು.

"ಡಿಸ್ಕ್ ಒಂದ ಇರತೈತಿ ತಮ್ಮಾ. ಒಂದ ಹಾಸಿನ್ಯಾಗ ನಾಕ ಸೀರಿ ನೇಯೂದಿಲ್ಲೇನು, ನಡುವ ಬರೇ ಎಳಿ ಬಿಟ್ಟು? ಹಂಗ ಇದರಾಗೂ ನಾಕ ಭಾಗ. ಒಂದನ್ನ ಕತ್ತರಿಸಿದ್ರ ಇನ್ನೊಂದಕ್ಕ ಏನೂ ಆಗೂದಿಲ್ಲ."

"ತಪ್ಪಿ ನಟ್ಟ ನಡುವ ಕತ್ತರಿ ಆಡಿಸಿದ್ರ?"

"ಅದಕ್ಕ ನಿನ್ನ ಕೈಯಾಗ ಕಾಗದ ಕೊಟ್ಟೀನಿ. ಓದಾಕರ ಬರತೈತೋ ಇಲ್ಲೋ?" ಎಂದು ನಕ್ಕಳು.

ಹಾಳೆಯಲ್ಲಿ ಒಂದರ ಮೇಲೊಂದು ನಾಲ್ಕು ಚೌಕ. ಒಂದೊಂದರಲ್ಲೂ ಅದರ ಅಳತೆ, ಇಷ್ಟು ಜಿಬಿ ಎಂದು. ಪಕ್ಕದಲ್ಲಿ ಎರಡೇ ಸಾಲು: 'ಎರಡನೇದು ಅಳಿಸಿ ಅಲ್ಲಿ ಲಿನಕ್ಸ್ ಹಾಕು. ಮೂರನೇದು ನನ್ನ ದಡಿ, ಮುಟ್ಟಬ್ಯಾಡ.'

ಅಕ್ಕ ಕಂಪ್ಯೂಟರಿನವರ ಹಾಗೆ ಮೇಲಿನಿಂದ ಎಣಿಸಿದ್ದಳು. ನೇಯುವವರು ಗ್ರಾಫನ್ನು ಕೆಳಗಿನಿಂದ ಓದುತ್ತೇವೆ. ಮಗ್ಗದ ಮೇಲೆ ದಡಿ ಏಳುವುದೇ ಹಾಗೆ, ಕೆಳಗಿನ ಸಾಲು ಮೊದಲು. ನಾನು ಕೆಳಗಿನಿಂದ ಎರಡನೆಯ ಚೌಕದ ಅಳತೆ ನೋಡಿಕೊಂಡು, ಅದೇ ಅಳತೆಯದನ್ನು ಪರದೆಯ ಮೇಲೆ ಹುಡುಕಿದೆ. ಸಿಕ್ಕಿತು. ಇಂಗ್ಲಿಷ್ ಅಕ್ಷರಗಳ ಕೊನೆಗೆ ಒಂದು ಅಂಕಿ ಇತ್ತು. ಅದು ಎರಡಾಗಿರಲಿಲ್ಲ, ಮೂರಾಗಿತ್ತು.

ಕೈ ನಿಂತಿತು. ಅಕ್ಕ ನಡುಮನೆಯಲ್ಲಿ ಕಣ್ಣಿನ ಮೇಲೆ ಹಸಿರು ಬಟ್ಟೆ ಹಾಕಿಕೊಂಡು ಮಲಗಿದ್ದಳು. ಒಂದು ಮಾತು ಕೂಗಿ ಕೇಳಬಹುದಿತ್ತು. ಆ ನಗು ಇನ್ನೊಮ್ಮೆ ಕೇಳಿಸಿಕೊಳ್ಳಲು ಮನಸ್ಸಾಗಲಿಲ್ಲ. ಒತ್ತಿದೆ.

ಎಲ್ಲ ಮುಗಿದು ಲ್ಯಾಪ್‌ಟಾಪ್ ಎದ್ದಾಗ, ಹೊಸ ಸಿಸ್ಟಮ್ ಬೇಕೋ ಹಳೆಯದು ಬೇಕೋ ಎಂದು ಕೇಳಿತು. ಅಳಿಯಬೇಕಾಗಿದ್ದ ಹಳೆಯದು ಹಾಗೇ ಬದುಕಿತ್ತು. ಆಗಲೇ ನನಗೆ ತಿಳಿಯಿತು. ಹಾಳೆಯನ್ನು ಒಯ್ದು ಬಚ್ಚಲ ಒಲೆಗೆ ಹಾಕಿದೆ.

ಹದಿನೈದು ದಿನದ ಮೇಲೆ ಅಕ್ಕ ತೆರೆದು ತನ್ನ ದಡಿಗಳನ್ನು ಹುಡುಕಿದಳು, ಇರಲಿಲ್ಲ. ಗದಗಿನ ರಿಪೇರಿ ಅಂಗಡಿಯವನು ನೋಡಿ, ಅದರ ಮೇಲೇ ಹೊಸದು ಕೂತಿದೆ, ಇನ್ನು ಬರುವುದಿಲ್ಲ ಎಂದ.

"ಆ ಕಾಗದ ಎಲ್ಲೈತಿ?"

"ಕಸದಾಗ ಹೋತೇನೋ."

"ಕಣ್ಣು ಮಂಜಿತ್ತು. ನಾನ ನಂಬರ ತಿರುವಿ ಬರದೀನಿ, ಅಲ್ಲೇನು?"

"ಇರಬೇಕಕ್ಕಾ" ಅಂದೆ.

ಆ ದಿನದಿಂದ ಅಕ್ಕ ಹೊಸ ದಡಿ ಬಿಡಿಸಲಿಲ್ಲ. ಎಳೆ ಎಣಿಸಿದರೆ ಎರಡು ಸಲ ಎಣಿಸುತ್ತಿದ್ದಳು, ಆಮೇಲೆ "ನೀ ಒಮ್ಮಿ ನೋಡು" ಎಂದು ನನ್ನನ್ನು ಕರೆಯುತ್ತಿದ್ದಳು. ಅವಳ ಎಣಿಕೆ ಒಂದು ಸಲವೂ ತಪ್ಪಿರಲಿಲ್ಲ. ಪ್ರತಿ ಸಲವೂ "ಬರೋಬರಿ ಐತಿ" ಎಂದು ಮಗ್ಗಕ್ಕೆ ಮರಳುತ್ತಿದ್ದೆ. ಹೀಗೆ ಮೂರು ವರ್ಷ ಕಳೆದೆ.

ಹೋದ ವರ್ಷ ಹುಲಕೋಟಿಯಿಂದ ಒಬ್ಬ ಟೀಚರು ಬಂದರು. ಹೆಣ್ಣುಮಕ್ಕಳಿಗೆ ಕಂಪ್ಯೂಟರಿನಲ್ಲಿ ದಡಿ ಬಿಡಿಸುವುದನ್ನು ಕಲಿಸಲು ಅಕ್ಕನನ್ನು ಕರೆದರು. ಅಕ್ಕ ಅವರಿಗೆ ಚಹಾ ಕೊಟ್ಟು, "ಬ್ಯಾಡ್ರಿ. ನಾ ಬರದ ನಂಬರಿನ ಮ್ಯಾಲೆ ನನಗ ನಂಬಿಕಿ ಇಲ್ಲ" ಎಂದು ಕಳಿಸಿಬಿಟ್ಟಳು.

ಅವರು ಹೋದ ಮೇಲೆ ಹೇಳಿದೆ. ಕೆಳಗಿನಿಂದ ಎಣಿಸಿದ್ದು, ಮೂರು ಕಂಡದ್ದು, ಹಾಳೆ ಸುಟ್ಟದ್ದು. ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ಹಂಚಿನ ಮೇಲಿನ ರೊಟ್ಟಿ ಕರಿಯಾಯಿತು, ಅವಳು ತಿರುವಲಿಲ್ಲ.

"ಕೆಳಗಿಂದ ಎಣಿಸಿದ್ದು ಬಿಡು, ನೇಯಾಂವ ಎಣಸ್ತಿ. ಇರಬೇಕು ಅಂದೆಲ್ಲ..." ಕರಿಯಾದ ರೊಟ್ಟಿಯನ್ನು ಹಂಚಿನಿಂದ ತೆಗೆದಿಟ್ಟು ಅಂದಳು: "ನನಗ ಹೇಳಿದ್ದಾತು. ಸೀರಿ ತಗದು ತೋರಿಸಿದವರಿಗೂ ಹೋಗಿ ಹೇಳು."

ಮೊದಲು ಲಕ್ಷ್ಮೇಶ್ವರಕ್ಕೆ ಹೋದೆ. ಅದು ಮುಸಲ್ಮಾನರ ಮನೆ, ಹೊಲಿಗೆಯವರು. ಅಜ್ಜಿ ಪೂರ್ತಿ ಕೇಳಿಸಿಕೊಂಡರು.

"ನಿಮ್ಮಕ್ಕ ಬಂದಿದ್ಲಲ್ಲಪಾ ಆವಾಗನ. ಅಷ್ಟು ಬಿಸಲಾಗ, ಕಣ್ಣಿಗೆ ಕರೀ ಚಾಳೀಸ ಹಾಕ್ಕೊಂಡು. ನಿಮ್ಮ ಶಾದಿ ಸೀರಿ ದಡಿ ನನ್ನ ಕೈಯಾಗ ಹೋತು, ಮಾಫ್ ಮಾಡ್ರಿ ಅಂದ್ಲು."

"ಆ ಸೀರಿ ಈಗ ಐತೇನ್ರಿ?"

"ಎಲ್ಲೀ ಸೀರಿ. ಕೌದಿ ಆತು, ಕೌದಿನೂ ಹರೀತು."

ಶಿರಹಟ್ಟಿಯಲ್ಲೂ ಬೆಳ್ಳಟ್ಟಿಯಲ್ಲೂ ಅಕ್ಕ ನನಗಿಂತ ಮೊದಲು ಬಂದು ಹೋಗಿದ್ದಳು. ಗದಗಿಗೆ ಕಣ್ಣು ತೋರಿಸಲು ಹೋಗುತ್ತೇನೆ ಎಂದು ಹೊರಡುತ್ತಿದ್ದ ದಿನಗಳವು. ಮುಂಡರಗಿಯಲ್ಲಿ ಸೀರೆ ತೋರಿಸಿದ್ದ ಅಜ್ಜಿ ತೀರಿಕೊಂಡಿದ್ದರು. ಸೊಸೆ ಹೊರಗೆ ಬಂದು ನನ್ನ ಮಾತು ಕೇಳಿಸಿಕೊಂಡರು.

"ಆ ಹುಡಿಗಿಗೆ ಹಂಗ ಬೈಬಾರದಿತ್ತು ಅಂತ ನಮ್ಮತ್ತಿ ಸಾಯೂತನಕ ಅಂತಿದ್ರರಿ."

"ಬೈದಿದ್ರೇನ್ರಿ?"

"ಇಲ್ಲೇ ಹೊಸ್ತಿಲದಾಗ ನಿಲ್ಲಿಸಿ. ಆಕಿ ತಲಿ ಎತ್ತಲಿಲ್ಲ. ನೀವು ಒಳಗ ಬರ್ರಿ, ಕುಂಡ್ರಿ."

ನನಗೆ ಆ ಹೊಸ್ತಿಲು ದಾಟಲಾಗಲಿಲ್ಲ.

ಮರುದಿನ ಬೆಳಿಗ್ಗೆ ಅಕ್ಕ ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಟೀಚರಿಗೆ ಫೋನು ಮಾಡಿ ಒಪ್ಪಿಕೊಂಡಿದ್ದಳು; ಹುಲಕೋಟಿಯಲ್ಲಿ ಕಲಿಸಲು ಅವಳ ಮೊದಲ ದಿನ ಅದು.

"ಎಷ್ಟ ಮನಿ ಆತು?"

"ನಾಕು."

"ಇನ್ನೂ ಹದಿನೇಳದಾವು" ಎಂದು ಬಸ್ಸಿಗೆ ನಡೆದಳು.