ಹೆಸರು ಹೇಳಿದರೆ ಮಾತ್ರ ವೈಪ್ಸ್

ಆಗ ನನಗೆ ಅರವತ್ತೊಂದು. ಆರು ವರ್ಷದ ಹಿಂದಿನ ಮಾತು. ಮದ್ರಾಸಿನ ಪೆರಂಬೂರಿನ ಮನೆಯಲ್ಲಿ ಸುಮ್ಮನೆ ಕೂತು ಸೊಸೆ ಬಡಿಸಿದ್ದನ್ನು ತಿನ್ನಲು ಮನಸ್ಸಾಗದೆ, ಅದೇ ಊರಿನ ಗಿಂಡಿ ಬಡಾವಣೆಯಲ್ಲಿ ಕೂಸುಗಳನ್ನು ನೋಡಿಕೊಳ್ಳುವ ಒಂದು ಕ್ರೆಶ್‌ಗೆ ಆಯಾ ಆಗಿ ಸೇರಿದೆ. ನಾಲ್ಕು ಮಕ್ಕಳನ್ನು ಹಳೆ ಪಂಚೆಯ ತುಂಡಿನಲ್ಲೇ ಬೆಳೆಸಿದವಳು ನಾನು. ಕೂಸಿನ ಕುಂಡೆ ಒರೆಸಲು ಇಂಗ್ಲಿಷ್ ಬೇಕೆಂದು ಯಾರೂ ಹೇಳಿರಲಿಲ್ಲ.

ಮೊದಲ ದಿನವೇ ಎರಡು ಡಯಾಪರ್‌ಗಳನ್ನು ಸೋಪು ಹಾಕಿ ತಿಕ್ಕಿ ಒಗೆದೆ. ಒಳಗಿಂದ ನೆನೆದ ಸಾಬಕ್ಕಿಯಂಥದ್ದು ಉಬ್ಬಿ ಬಂದು ಬಚ್ಚಲ ತೂಬು ಕಟ್ಟಿತು. ಅಲ್ಲಿನ ಮೇಡಂ ಮದ್ರಾಸಿನಲ್ಲೇ ಹುಟ್ಟಿದ ಕನ್ನಡದವರು.

"ಅಜ್ಜಿ, ಅದು ಒಂದು ಸಲ ಹಾಕಿ ಬಿಸಾಡೋದು. ಪರವಾಯಿಲ್ಲೆ, ಬಿಡಿ. ಆದ್ರೆ ಸಾಯಂಕಾಲ ತಾಯಂದಿರು ಬಂದು ಕೇಳ್ತಾರೆ, ವೆಟ್ಟಾ, ಮೋಷನ್ನಾ, ರ‍್ಯಾಶ್ ಇದೆಯಾ ಅಂತ. ನೀವು ಕಣ್ಣು ಕಣ್ಣು ಬಿಟ್ರೆ ಹೇಗೆ? ಶನಿವಾರದೊಳಗೆ ಕಲೀರಿ. ಇಲ್ಲಾಂದ್ರೆ ಕಷ್ಟ" ಎಂದರು.

ಕಷ್ಟ ಎಂದರೆ ಮನೆಗೆ ಹೋಗು ಎಂದೇ ಅರ್ಥ.

ಜೊತೆಯ ಆಯಾ ರಾಯಪುರಂನ ಮೀನುಗಾರರ ಮನೆಯವಳು, ನನಗಿಂತ ಹತ್ತು ವರ್ಷ ಚಿಕ್ಕವಳು. ಶಾಲೆ ಕಂಡವಳಲ್ಲ, ಆದರೆ ಈ ಮಾತುಗಳೆಲ್ಲ ಅವಳ ನಾಲಿಗೆಯ ತುದಿಯಲ್ಲಿದ್ದವು. ನನಗೆ ಕಲಿಸಲು ನಿಂತಳು. ನಾನು ಕೂಸನ್ನು ಬಿಚ್ಚಿ ಮಲಗಿಸಬೇಕು, ಸಾಮಾನೆಲ್ಲ ಅವಳ ಮಡಿಲಲ್ಲಿ. ಹೆಸರು ಹೇಳದೆ ಒಂದನ್ನೂ ಕೊಡುತ್ತಿರಲಿಲ್ಲ.

"ಅದು ಕೊಡೇ" ಎಂದೆ.

"ಅದುನ್ನಾ ಎದು? ಪೇರು ಸೊಲ್ಲುಕ್ಕಾ." ಅದು ಅಂದ್ರೆ ಯಾವುದು, ಹೆಸರು ಹೇಳಕ್ಕಾ ಅಂತ.

"ಒರೆಸೋದು. ಒದ್ದೆ ಕಾಗದ."

"ಕಾಗದಮಾ? ಇಲ್ಲೆ."

ಅಷ್ಟರಲ್ಲಿ ಆ ಗಂಡುಕೂಸು ನೇರ ನನ್ನ ಮುಖಕ್ಕೇ ಉಚ್ಚೆ ಹೊಯ್ದಿತು.

"ಪಾರುಕ್ಕಾ, ಅವನೇ ಸೊಲ್ಲಿಟ್ಟಾನ್, ವೆಟ್!" ನೋಡಕ್ಕಾ, ಅವನೇ ಹೇಳಿಬಿಟ್ಟ ಎಂದು ಹೊಟ್ಟೆ ಹಿಡಿದು ನಕ್ಕಳು.

"ವೈಪ್ಸ್ ಕೊಡೇ, ಮೂದೇವಿ!" ಎಂದು ಕಿರುಚಿದೆ. ತಕ್ಷಣ ಕೊಟ್ಟಳು.

ಐದು ದಿನ ಹೀಗೇ ಗೋಳು ಹೊಯ್ದುಕೊಂಡಳು. ಶುಕ್ರವಾರ ಸಂಜೆ ಅದೇ ಕೂಸಿನ ತಾಯಿ ಬಂದು ನನ್ನನ್ನೇ ಕೇಳಿದಳು. ಮೇಡಂ ಪಕ್ಕದಲ್ಲೇ ನಿಂತಿದ್ದರು.

"ವೆಟ್ ನಾಲ್ಕು. ಮೋಷನ್ ಒಂದು, ಲೂಸ್ ಇಲ್ಲೆ. ರ‍್ಯಾಶ್ ಕೊಂಜಂ ಇದೆ, ಕ್ರೀಮ್ ಹಚ್ಚಿದೀನಿ."

ತಾಯಿ ತಲೆಯಾಡಿಸಿ ಕೂಸನ್ನೆತ್ತಿಕೊಂಡು ಹೋದಳು. "ನಾಳೆ ಬೇಗ ಬನ್ನಿ ಅಜ್ಜಿ" ಎಂದರು ಮೇಡಂ.

ಆ ರಾಯಪುರಂನವಳು ಹಾಗೆ ಕಾಡದಿದ್ದರೆ ಅವತ್ತೇ ನನ್ನ ಕೆಲಸ ಹೋಗುತ್ತಿತ್ತು. ಇವತ್ತೂ ಅಲ್ಲೇ ಇದ್ದೇನೆ, ಅದು ಅವಳ ಉಪಕಾರ. ಆದರೆ ಥ್ಯಾಂಕ್ಸ್ ಎನ್ನಲು ನನಗೆ ಬಾಯಿ ಬರಲಿಲ್ಲ. ಮಾರನೆಯ ಬೆಳಿಗ್ಗೆ ಹೊಲಸು ಡಯಾಪರ್‌ಗಳ ಡಬ್ಬ ಖಾಲಿ ಮಾಡುವ ಸರದಿ ಅವಳದು. ಅವಳು ಬರುವ ಮೊದಲೇ ಹೋಗಿ, ಅದನ್ನು ಬೀದಿಯ ಕಸದ ತೊಟ್ಟಿಗೆ ಸುರಿದು, ತೊಳೆದಿಟ್ಟೆ.