ಕ್ವಾರಿ ರೈಟರ್ ದನಿಯಲ್ಲಿ ಮಾಡಿದ ಫೋನು

ಆ ಫೋನು ಮಾಡಿದ್ದು ನಾನು. ಕಲ್ಲುಕ್ವಾರಿಯ ರೈಟರ್ ಅಲ್ಲ, ಅವನ ಹೆಸರು ಹೇಳಿಕೊಂಡ ಇನ್ಯಾರೋ ಅಲ್ಲ, ಚನ್ನಾಚಾರ್ರು ತಮ್ಮನ್ನು ಉಳಿಸಿಕೊಳ್ಳಲು ಕಟ್ಟಿದ ಕಥೆಯೂ ಅಲ್ಲ — ನಾನು, ಯೋಗೇಶ, ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗದಲ್ಲಿ ಆಗ ಸಂಶೋಧನಾ ವಿದ್ಯಾರ್ಥಿಯಾಗಿದ್ದವನು, ಬಸ್ಸಿನ ಹಿಂದೆ ನಿಂತು, ಫೋನಿಗೆ ಕರವಸ್ತ್ರ ಮುಚ್ಚಿಕೊಂಡು. ಆರು ವರ್ಷ ಇದನ್ನು ಯಾರಿಗೂ ಹೇಳಲಿಲ್ಲ. ಹೇಳಲು ದನಿಯೇ ಬರಲಿಲ್ಲ ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ. ಆದರೆ ಅದೂ ಸುಳ್ಳು. ನನ್ನ ಹತ್ತಿರ ಇದ್ದದ್ದೆಲ್ಲ ದನಿಗಳೇ.

ಕೆ.ಆರ್. ಪೇಟೆ ಬಸ್ ನಿಲ್ದಾಣದ ಕಂಡಕ್ಟರುಗಳಿಂದ ಶುರುವಾದ ಚಟ ಅದು. ಹೈಸ್ಕೂಲಿನ ಹೊತ್ತಿಗೆ ಮೇಷ್ಟ್ರುಗಳೆಲ್ಲ ನನ್ನ ಗಂಟಲಲ್ಲಿ ಬಾಡಿಗೆಗೆ ಇದ್ದರು. ವಿಭಾಗಕ್ಕೆ ಸೇರಿದ ಮೇಲೆ ಮುಖ್ಯಸ್ಥರನ್ನು ಹಿಡಿದೆ — ಅವರು ಯಾವ ಮಾತನ್ನೂ ‘ಮೂಲತಃ ನೋಡಿದರೆ’ ಎನ್ನದೆ ಶುರುಮಾಡುವವರಲ್ಲ, ಕಾಫಿ ಬೇಕು ಎನ್ನುವುದಕ್ಕೂ. ನನ್ನನ್ನೂ ನಾನು ಬಿಡುತ್ತಿರಲಿಲ್ಲ. ಮಾರ್ಗದರ್ಶಕರು ಮೂರನೇ ಅಧ್ಯಾಯ ಎಲ್ಲಿ ಎಂದು ಕೇಳಿದಾಗ ಕುತ್ತಿಗೆ ಒಳಕ್ಕೆಳೆದು ‘ಸರ್, ಆಗ್ತಾ ಇದೆ ಸರ್’ ಎನ್ನುವ ಯೋಗೇಶನನ್ನು ಮಾಡಿ ತೋರಿಸಿದರೆ ಕ್ಯಾಂಟೀನಿನ ಮೇಜು ಬಡಿದುಕೊಂಡು ನಗುತ್ತಿದ್ದರು. ನಗುವವರೆಲ್ಲ ನನ್ನನ್ನು ಇಷ್ಟಪಡುತ್ತಾರೆ ಎಂದುಕೊಂಡಿದ್ದೆ. ಇರಬಹುದು. ಗೊತ್ತಿಲ್ಲ —

ಮಾತುಗಾರ ಎಂಬ ಕಾರಣಕ್ಕೆ ಮುಖ್ಯಸ್ಥರು ವಿಭಾಗದ ತಿಂಗಳ ಪತ್ರಿಕೆಯನ್ನು ನನಗೆ ವಹಿಸಿದ್ದರು. ಎರಡೇ ಪುಟ, ಎರಡೇ ಅಂಕಣ. ಮೊದಲನೆಯದು ‘ಸಿಬ್ಬಂದಿ ಸಮಾಚಾರ’: ಯಾರು ಸೇರಿದರು, ಯಾರಿಗೆ ಬಡ್ತಿ, ಯಾರ ನಿವೃತ್ತಿ. ಎರಡನೆಯದು ‘ಉಪಯುಕ್ತ ಮಾಹಿತಿ’: ಸೂಕ್ಷ್ಮದರ್ಶಕದ ಕೋಣೆಯ ಬೀಗದ ಕೈ ಯಾರ ಹತ್ತಿರ, ಜೀಪು ಬೇಕಾದವರು ಎಷ್ಟು ದಿನ ಮೊದಲು ಹೇಳಬೇಕು, ನಾವು ವಿದ್ಯಾರ್ಥಿಗಳನ್ನು ಕರೆದೊಯ್ಯುವ ದಾರಿಯ ಕ್ವಾರಿಗಳಲ್ಲಿ ಯಾವ ಹೊತ್ತಿಗೆ ಮದ್ದು ಸಿಡಿಸುತ್ತಾರೆ. ಈ ಕೊನೆಯದಕ್ಕೆ ಪ್ರತಿ ತಿಂಗಳೂ ಕ್ವಾರಿಗಳ ರೈಟರುಗಳಿಗೆ, ಎಂದರೆ ಅಲ್ಲಿ ಲೆಕ್ಕ ಬರೆಯುವ ಗುಮಾಸ್ತರಿಗೆ, ಫೋನು ಮಾಡಿ ಕೇಳಬೇಕು. ಮೊದಮೊದಲು ಕೇಳುತ್ತಿದ್ದೆ. ಆಮೇಲೆ ಹಿಂದಿನ ತಿಂಗಳದ್ದನ್ನೇ ಇಳಿಸುತ್ತಿದ್ದೆ. ಯಾರು ಓದುತ್ತಾರೆ ಇದನ್ನೆಲ್ಲ ಎಂದು.

ಓದುತ್ತಿದ್ದವರು ಚನ್ನಾಚಾರ್ರು. ಕ್ಯಾತನಹಳ್ಳಿಯವರು, ಕಮ್ಮಾರರ ಮನೆತನ. ವಿಭಾಗದಲ್ಲಿ ಕಲ್ಲನ್ನು ಬೆಳಕು ತೂರುವಷ್ಟು ತೆಳ್ಳಗೆ ಕೊಯ್ದು, ಉಜ್ಜಿ, ಗಾಜಿಗೆ ಅಂಟಿಸುವುದು ಅವರ ಕೆಲಸ. ನಾವು ಬರೆದ ಪ್ರಬಂಧಗಳೆಲ್ಲ ಅವರು ಕೊಯ್ದ ಆ ಚೂರುಗಳ ಮೇಲೆ ನಿಂತಿವೆ, ಅವರ ಹೆಸರು ಮಾತ್ರ ಯಾವ ಪ್ರಬಂಧದಲ್ಲೂ ಇಲ್ಲ. ಹದಿನೆಂಟು ವರ್ಷ ಗುತ್ತಿಗೆಯ ಮೇಲೆ ದುಡಿದಿದ್ದರು. ಕಾಯಂ ಮಾಡುವ ಕಡತ ಆ ವರ್ಷ ಕೊನೆಗೂ ಮೇಜಿನಿಂದ ಮೇಜಿಗೆ ನಡೆಯತೊಡಗಿತ್ತು. ಹೊರಗಿನ ಅಧ್ಯಯನಕ್ಕೆ ಹೋದಾಗಲೆಲ್ಲ ಅವರು ಜೊತೆಗಿರುತ್ತಿದ್ದರು, ಮತ್ತು ಅವರದೊಂದು ಹಟವಿತ್ತು — ಆ ದಿನ, ಆ ಕ್ವಾರಿಯ ರೈಟರ್ ಬಾಯಿಂದಲೇ ಕೇಳದೆ ಒಳಗೆ ಕಾಲಿಡುವುದಿಲ್ಲ. ನನ್ನ ಪತ್ರಿಕೆಯನ್ನು ಮಡಿಸಿ ಜೇಬಿಗಿಟ್ಟುಕೊಂಡು ಹೇಳುತ್ತಿದ್ದರು:

“ನೀನ್ ಬರ್ದಿರದು ಓದ ತಿಂಗಳ್ದು ಕಣ್ಲಾ ಯೋಗಿ. ಮದ್ದು ಇವತ್ತಿಂದು.”

ಆ ದಿನ ಬೆಳಿಗ್ಗೆ ಶ್ರೀರಂಗಪಟ್ಟಣದ ಬಳಿ ಬಿಳಿಗಲ್ಲನ್ನು ಸೀಳಿಕೊಂಡು ಗೋಡೆಯ ಹಾಗೆ ಎದ್ದ ಕರಿಕಲ್ಲಿನ ಸಾಲುಗಳನ್ನು ತೋರಿಸುವಷ್ಟರಲ್ಲೇ ತಡವಾಗಿತ್ತು. ಅಲ್ಲಿಂದ ಪಾಂಡವಪುರ ದಾಟಿ ಒಂದು ಕ್ವಾರಿ, ಮಧ್ಯಾಹ್ನದ ಮೇಲೆ ನಾಗಮಂಗಲ — ಇದು ಯೋಜನೆ. ಕ್ವಾರಿಗೆ ಇನ್ನರ್ಧ ಮೈಲಿ ಇರುವಾಗ ಟೀ ಅಂಗಡಿಯ ಮುಂದೆ ಬಸ್ಸು ನಿಲ್ಲಿಸಿದರು. ಚನ್ನಾಚಾರ್ರು ರೈಟರಿಗೆ ಫೋನು ಮಾಡಿದರು, ಅವನು ಎತ್ತಲಿಲ್ಲ. ಮತ್ತೆ ಮಾಡಿದರು. ಮೂವತ್ತು ವಿದ್ಯಾರ್ಥಿಗಳು ಬಿಸಿಲಲ್ಲಿ. ‘ಮೂಲತಃ ನೋಡಿದರೆ ಸಂಜೆ ಐದಕ್ಕೆ ಎಂದು ಪತ್ರಿಕೆಯಲ್ಲೇ ಇದೆಯಲ್ಲ’ ಎಂದು ಮುಖ್ಯಸ್ಥರು ಗಡಿಯಾರ ನೋಡಿಕೊಂಡರು. ಆ ಐದು ಗಂಟೆ ನಾನು ಕೇಳಿ ಬರೆದದ್ದಲ್ಲ, ಇಳಿಸಿದ್ದು. ರೈಟರ್ ಫೋನೆತ್ತಿ ಬೇರೆ ಹೊತ್ತು ಹೇಳಿದರೆ ನನ್ನ ಸೋಮಾರಿತನ ಎಲ್ಲರೆದುರು ಬಯಲಾಗುತ್ತದೆ ಎಂಬ ಅಳುಕು ಇತ್ತು. ಚನ್ನಾಚಾರ್ರನ್ನು ಏಮಾರಿಸಿ ಊಟದ ಹೊತ್ತಿಗೆ ಎಲ್ಲರೆದುರು ಹೇಳಿ ನಗಿಸಬೇಕು ಎಂಬ ಆಸೆಯೂ ಇತ್ತು. ಎರಡರಲ್ಲಿ ಯಾವುದು ಮೊದಲು — ಎಷ್ಟು ಸಲ ಕೇಳಿಕೊಂಡರೂ ಉತ್ತರ ಒಂದೇ ಥರ ಬರುವುದಿಲ್ಲ.

ನನ್ನ ಫೋನಿನಲ್ಲಿ, ನಂಬರು ಯಾರಿಗೂ ಕೊಟ್ಟಿರದ ಎರಡನೇ ಸಿಮ್ಮೊಂದಿತ್ತು. ರೈಟರ್ ಸಿಕ್ಕಸಿಕ್ಕವರ ಫೋನಿನಿಂದ ಮಾತಾಡುವವನು, ಹಾಗಾಗಿ ಹೊಸ ನಂಬರಿಗೆ ಯಾರೂ ಹುಬ್ಬೇರಿಸುವುದಿಲ್ಲ. ಅವನ ದನಿ ಸುಲಭ: ಮೊದಲು ಕೆಮ್ಮು, ಆಮೇಲೆ ನಿದ್ದೆಯಿಂದ ಎದ್ದವನ ಎಳೆತ.

“ಊಂ, ಆಚಾರ್ರಾ? ಇವತ್ತು ಸಂಜಿಕ್ ಐದ್ ಗಂಟ್ಗೇಯಾ. ಬನ್ನಿ, ಏನೂ ಭಯ ಇಲ್ಲ.”

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ದನಿ ಕದಿಯುವವನಿಗೆ ದನಿ ಮಾತ್ರ ಸಾಲದು — ಆ ಮನುಷ್ಯ ತಾನಾಗಿ ಸೇರಿಸುವಂಥ ಒಂದು ಚೂರು ಬೇಕು, ಅದು ಬಿದ್ದರೇ ಜೀವ ಬರುವುದು. ನನ್ನ ಪಾಂಡಿತ್ಯವೇ ಅದು. ಸೇರಿಸಿದೆ:

“ಮುಂದ್ಗಡೆ ಲಾರಿ ನಿಂತವೆ. ಇಂದ್ಗಡೆ ಗಾಡಿ ಜಾಡ್ನಾಗ್ ಬಂದ್ಬುಡಿ.”

ಲಾರಿಗಳಿರಲಿಲ್ಲ. ನಾನು ಆ ಕ್ವಾರಿಯ ಬಾಗಿಲನ್ನು ಆ ದಿನ ನೋಡಿಯೇ ಇರಲಿಲ್ಲ. ಬಾಯಿಗೆ ಬಂತು, ಬಿಟ್ಟೆ. ಚನ್ನಾಚಾರ್ರು ಬಸ್ಸು ಸುತ್ತಿಕೊಂಡು ಬಂದು, ರೈಟರ್ ಮಾತಾಡ್ದ ಕಣ್ಲಾ, ನಡೀರಿ ಎಂದರು. ಅವರ ಮುಖದಲ್ಲಿ ನಿರಾಳವಿತ್ತು.

ಮುಂದಿನ ಬಾಗಿಲಲ್ಲಿ ಕೆಂಪು ಬಾವುಟ ಹಿಡಿದ ಕಾವಲುಗಾರ ಕೂತಿದ್ದ. ಆ ದಾರಿಯಲ್ಲಿ ಹೋಗಿದ್ದರೆ ಅವನು ನಮ್ಮನ್ನು ತಡೆಯುತ್ತಿದ್ದ. ನಾವು ಹಿಂದಿನಿಂದ ಹೋದೆವು, ಅವನು ನಮ್ಮನ್ನು ನೋಡಲಿಲ್ಲ. ವಿದ್ಯಾರ್ಥಿಗಳನ್ನು ಮೇಲಿನ ದಿಬ್ಬದಲ್ಲೇ ನಿಲ್ಲಿಸಿ ಚನ್ನಾಚಾರ್ರು ಒಬ್ಬರೇ ಕ್ವಾರಿಯ ಹಳ್ಳಕ್ಕೆ ಇಳಿದರು — ಹೊಸ ಕಲ್ಲು ಒಡೆಯುವಾಗ ಚಕ್ಕೆ ಹಾರಿ ಮಕ್ಕಳ ಕಣ್ಣಿಗೆ ಬಿದ್ದೀತು ಎಂದು ಅವರು ಯಾವಾಗಲೂ ಹಾಗೇ ಮಾಡುತ್ತಿದ್ದರು. ನಾನು ದಿಬ್ಬದ ಮೇಲೆ ಮುಖ್ಯಸ್ಥರ ಬೆನ್ನ ಹಿಂದೆ ನಿಂತು ಮುಖ್ಯಸ್ಥರನ್ನೇ ಮಾಡುತ್ತಿದ್ದೆ. ಇಬ್ಬರು ಹುಡುಗಿಯರು ನಗು ತಡೆಯಲು ಬಾಯಿ ಮುಚ್ಚಿಕೊಂಡಿದ್ದರು.

ಸದ್ದಿಗಿಂತ ಮೊದಲು ನೆಲ ಅಂಗಾಲಿಗೆ ಒದೆಯಿತು.

ಸೀಟಿ ಊದಿದ್ದರಂತೆ, ಆಚೆ ಬದಿಯಲ್ಲಿ. ಪಕ್ಕದ ಕ್ವಾರಿಯ ಕಲ್ಲು ಕೊರೆಯುವ ಯಂತ್ರದ ಸದ್ದಿನಲ್ಲಿ ನಮಗೆ ಕೇಳಲಿಲ್ಲ. ದೂಳು ಇಳಿದಾಗ ಚನ್ನಾಚಾರ್ರು ಬಿದ್ದಿರಲಿಲ್ಲ, ಕೂತಿದ್ದರು. ಎಡಭುಜ ಜೋತುಬಿದ್ದಿತ್ತು. ಎರಡೂ ಕಿವಿಯಿಂದ ರಕ್ತ. ನಾವು ಓಡಿಹೋಗಿ ಕೂಗುತ್ತಿದ್ದರೆ ಅವರು ಒಬ್ಬೊಬ್ಬರ ಬಾಯನ್ನೂ ನೋಡುತ್ತಿದ್ದರು, ನಾವೆಲ್ಲ ಸೇರಿ ಏನೋ ಆಟ ಆಡುತ್ತಿದ್ದೇವೆ ಎಂಬಂತೆ. ಅವರ ಫೋನು ಕಲ್ಲುಗಳ ಕೆಳಗೆ ಹೋಗಿತ್ತು.

ನನಗೆ ಮೊದಲು ಬಂದ ಯೋಚನೆ ಅವರ ಬಗ್ಗೆ ಅಲ್ಲ. ಸಿಮ್ಮಿನ ಬಗ್ಗೆ. ಇದನ್ನು ಬರೆಯದೆ ಬಿಟ್ಟರೆ ಉಳಿದದ್ದು ಬರೆದೂ ಪ್ರಯೋಜನವಿಲ್ಲ. ಮುಖ್ಯಸ್ಥರು ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು, ನಾವು ಬಸ್ಸಿನಲ್ಲಿ ಹಿಂದಿರುಗಿದೆವು. ಶ್ರೀರಂಗಪಟ್ಟಣದ ಸೇತುವೆಯ ಮೇಲೆ ಬಸ್ಸು ನಿಧಾನವಾದಾಗ ಕಿಟಕಿಯಿಂದ ಕೈ ಹೊರಗೆ ಹಾಕಿ ಬೆರಳು ಸಡಿಲಿಸಿದೆ. ಉಗುರಿನಷ್ಟು ವಸ್ತು. ಪಕ್ಕದಲ್ಲಿ ಕೂತು ಅಳುತ್ತಿದ್ದವಳಿಗೂ ಕಾಣಲಿಲ್ಲ.

ವಿಚಾರಣೆಗೆ ಮೂವರು ಕೂತರು. ಕ್ವಾರಿಯ ರೈಟರ್ ಬಂದು, ತಾನು ಯಾರಿಗೂ ಫೋನು ಮಾಡಿಲ್ಲ ಎಂದ. ನಿಜವನ್ನೇ ಹೇಳಿದ. ಚನ್ನಾಚಾರ್ರ ಕಿವಿಗಳಲ್ಲಿ ಹತ್ತಿ ಇತ್ತು, ಪ್ರಶ್ನೆಗಳನ್ನು ಹಾಳೆಯ ಮೇಲೆ ಬರೆದು ತೋರಿಸುತ್ತಿದ್ದರು. ತಮ್ಮ ದನಿ ತಮಗೇ ಕೇಳದೆ ಅವರು ಉತ್ತರಗಳನ್ನು ಕೂಗುತ್ತಿದ್ದರು.

“ರೈಟರೇ ಮಾತಾಡಿದ್ದು. ಕೆಮ್ಮಿದ್ದು ಸಯ್ತ ಕೇಳ್ದೆ.”

ಅವರು ಹಾಗೆ ಕೂಗಿದಷ್ಟೂ ಮೇಜಿನ ಆ ಬದಿಯವರಿಗೆ ಸುಳ್ಳೆನಿಸಿತು. ಕರೆಗಳ ದಾಖಲೆ ತರಿಸೋಣ ಎಂದು ಒಬ್ಬರಿಗೂ ತೋಚಲಿಲ್ಲ — ಗುತ್ತಿಗೆಯವನ ಮಾತಿಗೆ ಅಷ್ಟು ಓಡಾಟ ಯಾಕೆ ಎಂದಿರಬೇಕು. ಉಳಿದವರೆಲ್ಲ ಕೇಳಿದ್ದು ಅವರ ಬಾಯಿಮಾತನ್ನು ಮಾತ್ರ, ಫೋನು ಬಂದದ್ದನ್ನು ಕಂಡವರಿರಲಿಲ್ಲ. ಆಮೇಲೆ ನನ್ನನ್ನು ಕರೆದು, ಅವರಿಗೆ ಫೋನು ಬಂದದ್ದನ್ನು ನೀನು ನೋಡಿದೆಯಾ ಎಂದು ಕೇಳಿದರು.

“ನಾನು ಗಮನಿಸಲಿಲ್ಲ ಸರ್.”

ಆ ಮಾತನ್ನು ಮಾತ್ರ ನನ್ನ ಸ್ವಂತ ದನಿಯಲ್ಲಿ ಹೇಳಿದೆ.

ಅನುಮತಿಯಿಲ್ಲದೆ ಒಳಹೊಕ್ಕು, ಆಮೇಲೆ ಸುಳ್ಳು ಹೇಳಿದರು ಎಂದು ತೀರ್ಮಾನವಾಯಿತು. ಗುತ್ತಿಗೆ ಮುಂದುವರಿಯಲಿಲ್ಲ, ಕಾಯಮಾತಿಯ ಕಡತ ಮುಚ್ಚಿತು. ಪತ್ರಿಕೆಗೆ ಏನಾದರೂ ಬರಿ ಎಂದರು ಮುಖ್ಯಸ್ಥರು. ಬರೆದೆ. ‘ಸಿಬ್ಬಂದಿ ಸಮಾಚಾರ: ಶ್ರೀ ಚನ್ನಾಚಾರ್ ಅವರು ವೈಯಕ್ತಿಕ ಕಾರಣಗಳಿಂದ ಕೆಲಸ ಬಿಟ್ಟಿದ್ದಾರೆ. ವಿಭಾಗವು ಅವರಿಗೆ ಶುಭ ಕೋರುತ್ತದೆ.’ ಅದರ ಕೆಳಗೆ, ‘ಉಪಯುಕ್ತ ಮಾಹಿತಿ: ಕಲ್ಲು ಕೊಯ್ಯುವ ಕೋಣೆಯ ಬೀಗದ ಕೈ ಇನ್ನು ಮುಂದೆ ಕಚೇರಿಯಲ್ಲಿ ದೊರೆಯುತ್ತದೆ.’ ಹದಿನೆಂಟು ವರ್ಷ ಮೂರು ಸಾಲಾಯಿತು, ಅದರಲ್ಲಿ ಒಂದು ಬೀಗದ ಕೈಯದ್ದು.

ಆಮೇಲೆ ನನಗೆ ಡಾಕ್ಟರೇಟ್ ಬಂತು. ಅತಿಥಿ ಉಪನ್ಯಾಸಕನಾದೆ. ಪತ್ರಿಕೆ ಈಗಲೂ ನನ್ನದೇ. ನಕಲು ಮಾಡುವುದನ್ನು ಬಿಟ್ಟೆ ಎಂದು ಹೇಳಿಕೊಳ್ಳಲು ಆಸೆಯಾಗುತ್ತದೆ, ಆದರೆ ಬಿಡಲಿಲ್ಲ — ಒಂದು ದನಿ ಬಿಟ್ಟು ಮಿಕ್ಕವರನ್ನೆಲ್ಲ ಮಾಡುತ್ತಲೇ ಇದ್ದೆ, ಜನ ನಗುತ್ತಲೇ ಇದ್ದರು. ಹೋದ ತಿಂಗಳು ಮುಖ್ಯಸ್ಥರು, ಹೊಸ ವಿದ್ಯಾರ್ಥಿಗಳಿಗಾಗಿ ಕ್ವಾರಿಯಲ್ಲಿ ಪಾಲಿಸಬೇಕಾದ ಎಚ್ಚರಿಕೆಯ ಬಗ್ಗೆ ನಾಲ್ಕು ಸಾಲು ಬರೆ ಎಂದರು. ಹಿಂದೆ ಸಿಬ್ಬಂದಿಯೊಬ್ಬರು ವಿಚಾರಿಸದೆ ನುಗ್ಗಿ ಅನಾಹುತ ಮಾಡಿಕೊಂಡದ್ದನ್ನು ಉದಾಹರಣೆಯಾಗಿ ಸೇರಿಸು, ಹೆಸರು ಬೇಡ ಎಂದರು. ಬರೆಯಲು ಕೂತೆ. ‘ವಿಚಾರಿಸದೆ’ ಎಂಬ ಪದದವರೆಗೆ ಬಂದೆ. ಇಡೀ ವಿಭಾಗದಲ್ಲಿ ವಿಚಾರಿಸಿಯೇ ಕಾಲಿಡುತ್ತಿದ್ದ ಒಬ್ಬನೇ ಒಬ್ಬ ಮನುಷ್ಯನ ಬಗ್ಗೆ —

ಮಾರನೆಯ ಬೆಳಿಗ್ಗೆ ಪಾಂಡವಪುರಕ್ಕೆ ಹೋಗಿ ಅಲ್ಲಿಂದ ಕ್ಯಾತನಹಳ್ಳಿಯ ಬಸ್ಸು ಹತ್ತಿದೆ. ಎರಡೂ ಕಡೆ ಕಬ್ಬು. ದಾರಿಯುದ್ದಕ್ಕೂ ಮಾತುಗಳನ್ನು ಮೆಲ್ಲಗೆ ಹೇಳಿಕೊಂಡು ಹದ ಮಾಡುತ್ತಿದ್ದೆ, ನಾಟಕದವನ ಬುದ್ಧಿ.

ಅವರು ಮನೆಯ ಮುಂದೆ ಕುಡುಗೋಲಿಗೆ ಸಾಣೆ ಹಿಡಿಯುತ್ತಿದ್ದರು, ಬಲಗೈಯೊಂದರಲ್ಲೇ. ಯೋಗೇಶಪ್ಪ ಅಲ್ವಾ, ಬನ್ನಿ ಎಂದರು. ‘ಕಣ್ಲಾ’ ಇರಲಿಲ್ಲ. ನಾನು ಹದ ಮಾಡಿದ್ದನ್ನು ಹೇಳಿದೆ, ತಗ್ಗಿದ ದನಿಯಲ್ಲಿ. ಅವರು ಬಲಗಿವಿ ಮುಂದೆ ಮಾಡಿದರು.

“ಜೋರಾಗ್ ಯೋಳಿ. ಎಡದ್ದು ಪೂರ್ತಿ ಓಗೈತೆ, ಇದೂ ಅಷ್ಟಕ್ಕಷ್ಟೆ.”

ಸ್ವಲ್ಪ ಜೋರಾಗಿ ಹೇಳಿದೆ. ಕೇಳಲಿಲ್ಲ. ಕೊನೆಗೆ ಕೂಗಿದೆ — ಆವತ್ತು ಫೋನು ಮಾಡಿದ್ದು ರೈಟರ್ ಅಲ್ಲ, ನಾನು ಎಂದು. ಒಳಗೆ ಪಾತ್ರೆಯ ಸದ್ದು ನಿಂತಿತು. ಅವರ ಹೆಂಡತಿ ಸಾಕಮ್ಮ ಬಾಗಿಲಿಗೆ ಬಂದರು. ಎದುರು ಮನೆಯ ಜಗುಲಿಯಲ್ಲಿದ್ದ ಇಬ್ಬರು ತಿರುಗಿ ನೋಡಿದರು.

ಚನ್ನಾಚಾರ್ರು ಕುಡುಗೋಲನ್ನು ಪಕ್ಕಕ್ಕಿಟ್ಟರು.

“ಕೆಮ್ಮಿದ್ದೂ ನೀವೇಯಾ?”

ನಾನೇ ಎಂದೆ.

“ಆ ದನೀಲಿ ಇನ್ನೊಂದ್ ಸಲ ಯೋಳಿ.”

ಆರು ವರ್ಷ ಹೊರಗೆ ಬಿಟ್ಟಿರಲಿಲ್ಲ, ಆದರೂ ಆ ದನಿ ಒಂದು ಎಳೆಯೂ ಕೆಡದೆ ಒಳಗಿತ್ತು. ಅವರ ಬಲಗಿವಿಯ ಹತ್ತಿರ ಬಗ್ಗಿ ಕೆಮ್ಮಿದೆ. ಐದು ಗಂಟೆ ಎಂದೆ. ಭಯ ಇಲ್ಲ ಎಂದೆ. ಲಾರಿ ನಿಂತವೆ ಎಂದೆ. ಅವರು ಕಣ್ಣು ಮುಚ್ಚಿ ಕೇಳಿದರು, ತಲೆಯಾಡಿಸಿದರು, ಬಾಗಿಲ ಕಡೆ ತಿರುಗಿ ಕೇಳ್ದಾ ಎಂದು ಹೆಂಡತಿಯನ್ನು ಕೇಳಿದರು. ಆಮೇಲೆ ನನಗೆ ಹೇಳಿದರು:

“ಮೂರ್ ವರ್ಸ ಎಲ್ರಿಗೂ ಯೋಳ್ದೆ, ಫೋನ್ ಬಂದಿತ್ತು ಅಂತ. ಆಮೇಕೆ ಏಟ್ ಬಿದ್ದು ನಂಗೇ ತಲೆ ಕೆಟ್ಟಿರ್ಬೇಕು ಅನ್ಕಂಡೆ. ಇವಳ್ಗೂ ಯೋಳ್ಬುಟ್ಟೆ — ಬಂದಿರ್ನಿಲ್ಲ ಕಣೆ, ನಾನೇ ಸುಳ್ಳಾಡ್ದೆ ಅಂತ.”

ತಾವು ಮಾಡದ ತಪ್ಪನ್ನು ಅವರು ಒಪ್ಪಿಕೊಂಡಿದ್ದರು. ನಾನು ಮಾಡಿದ್ದನ್ನು ಒಪ್ಪಿಕೊಳ್ಳಲು ಇನ್ನೂ ಮೂರು ವರ್ಷ ತೆಗೆದುಕೊಂಡೆ. ಸಾಕಮ್ಮ ಬಾಗಿಲಿನಿಂದಲೇ, ನನ್ನ ಮುಖ ನೋಡದೆ, ಒಂದೇ ಮಾತು ಆಡಿದರು.

“ತಪ್ಪು ಒಪ್ಕಂಡ್ರಲ್ಲ ಅಂತ ಆವತ್ತಿಂದ ಇವ್ರನ್ನ ಬಯ್ಯಾದ್ ನಿಲ್ಸಿದ್ದೆ ಸಾಮಿ.”

ಹೊಡೆಯಬಹುದು ಎಂದುಕೊಂಡು ಹೋಗಿದ್ದೆ. ಹೋಗಲಿ ಬುಡಿ ಎನ್ನಬಹುದು ಎಂದೂ — ಹೌದು, ಅದಕ್ಕೂ ಆಸೆಪಟ್ಟಿದ್ದೆ. ಎರಡೂ ಆಗಲಿಲ್ಲ. ಚನ್ನಾಚಾರ್ರು ಕುಡುಗೋಲನ್ನು ಮತ್ತೆ ಕೈಗೆ ತೆಗೆದುಕೊಂಡರು.

“ಇಲ್ಲಿ ಯೋಳಿದ್ದಾಯ್ತು. ಆ ಮೇಜಿನ್ ಮುಂದೆ ಯೋಳಿ. ಇದೇ ದನೀಲೇ ಯೋಳಿ, ಇಲ್ದಿದ್ರೆ ಅವ್ರು ನಂಬಾಕಿಲ್ಲ. ನಾನೂ ಬತ್ತೀನಿ.”

ನಡೆದದ್ದೆಲ್ಲ ಬರೆದು, ವಿಚಾರಣೆ ಮತ್ತೆ ನಡೆಸಿ ಎಂದು ಪತ್ರ ಕೊಟ್ಟಿದ್ದೇನೆ. ಮುಖ್ಯಸ್ಥರು ಎರಡು ಸಲ ಓದಿದರು. ಅವರ ಬಾಯಿಂದ ‘ಮೂಲತಃ’ ಬರದೆ ಇದ್ದದ್ದನ್ನು ನಾನು ಕಂಡದ್ದು ಅದೇ ಮೊದಲು. ನಿನ್ನ ಕೆಲಸದ ಸಂದರ್ಶನ ಹತ್ತಿರದಲ್ಲಿದೆ, ಇನ್ನೊಮ್ಮೆ ಯೋಚಿಸು ಎಂದರು. ಯೋಚಿಸಿದರೆ ನಾನು ಏನು ಮಾಡುತ್ತೇನೆಂದು ನನಗೆ ಗೊತ್ತು, ಆದ್ದರಿಂದ ಯೋಚಿಸಲಿಲ್ಲ.

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಕರೆದಿದ್ದಾರೆ. ಆವತ್ತಿನ ಮೂವರಲ್ಲಿ ಇಬ್ಬರು ಈಗಲೂ ಇದ್ದಾರೆ. ಚನ್ನಾಚಾರ್ರಿಗೆ ನನ್ನ ಎಡಕ್ಕೆ ಕುರ್ಚಿ ಹಾಕಿಸಬೇಕು, ಬಲಗಿವಿ ನನ್ನ ಕಡೆಗಿರುವ ಹಾಗೆ. ಆ ಇಬ್ಬರಿಗೆ ನಾನು ಬಾಯಿ ತೆರೆದರೆ ನಗುವುದು ರೂಢಿ. ಕೆಮ್ಮುವ ಮೊದಲು, ದಯವಿಟ್ಟು ಯಾರೂ ನಗಬೇಡಿ ಎಂದು ಕೇಳಿಕೊಳ್ಳುತ್ತೇನೆ.