ಅಲ್ ವಕ್ರಾದಿಂದ ಮಾತ್ರೆ ನುಂಗಿಸುವವರು

ದೋಹಾಕ್ಕೆ ಬಂದ ಮೇಲಿನ ಮೊದಲ ಗುರುವಾರ ಬೆಳಿಗ್ಗೆ ಮುಶೈರಿಬ್‌ನಲ್ಲಿ ಮೆಟ್ರೋ ಹತ್ತಿ ಅಲ್ ವಕ್ರಾಕ್ಕೆ ಹೋದೆ. ಟಿಕೆಟ್ಟಿಗೆ ಎರಡು ರಿಯಾಲ್, ದಾರಿ ಅರ್ಧ ಗಂಟೆಯೊಳಗೆ. ಜನವರಿಯ ಗಾಳಿ ತಣ್ಣಗಿತ್ತು. ಶಾಲು ತಂದದ್ದು ಒಳ್ಳೆಯದಾಯಿತು. ಕಾಲೇಜಿನ ಗೆಳತಿ ಝೊಹರಾ ನಿಲ್ದಾಣಕ್ಕೆ ಕಾರು ತಂದಿದ್ದಳು.

ಮನೆಯಲ್ಲಿ ನೀರುದೋಸೆ, ಬಂಗುಡೆ ಸಾರು. ಅವಳ ಗಂಡ ಹಮೀದ್ ಅಂಗಡಿಗೆ ಹೊರಡದೆ ಫೋನು ಹಿಡಿದು ಕೂತಿದ್ದರು. ಉಪ್ಪಿನಂಗಡಿಯಲ್ಲಿ ತಮ್ಮನ ಜೊತೆ ಇರುವ ಅವರ ಉಮ್ಮನಿಗೆ ಕ್ಷಯ. ಮಾತ್ರೆ ಒಂದು ದಿನವೂ ತಪ್ಪಬಾರದು. ಅದಕ್ಕೇ ದಿನಾ ವಿಡಿಯೊ ಕರೆಯಲ್ಲಿ ಮಗನೆದುರೇ ನುಂಗುವ ಕ್ರಮ. ಅದನ್ನು ರೂಢಿ ಮಾಡಿಸಿದ ಆಶಾ ಕಾರ್ಯಕರ್ತೆ ಶಾರದಾ ಅಂದು ಉಮ್ಮನ ಪಕ್ಕದಲ್ಲೇ ಇದ್ದರು.

ಉಮ್ಮ ಮಾತ್ರೆ ಬಾಯಿಗೆ ಹಾಕಿ ಲೋಟ ಎತ್ತಿದರು. "ಆಯ್ತು, ಖಲಾಸ್."

"ಉಮ್ಮಾ, ಲೋಟ ಸ್ವಲ್ಪ ಬಗ್ಗಿಸಿ ತೋರಿಸಿ," ಎಂದಳು ಝೊಹರಾ.

ಲೋಟ ತುಂಬಿಯೇ ಇತ್ತು. ನಾನೂ ಮೊದಲೇ ಗಮನಿಸಿದ್ದೆ ಎಂದು ಈಗ ಅನಿಸುತ್ತದೆ; ಅವಳು ಹೇಳಿದ ಮೇಲೆ ಹಾಗನಿಸಿತೋ ಏನೋ. ಉಮ್ಮ ಮಾತ್ರೆಯನ್ನು ಅಂಗೈಗೆ ಉಗಿದರು. ಕಾಯಿಲೆಯಿಂದ ತಪ್ಪಿದ ರಂಝಾನಿನ ನೋಂಬುಗಳನ್ನು ಈಗ ಗುರುವಾರಗಳಲ್ಲಿ ಉಪವಾಸವಿದ್ದು ತೀರಿಸುತ್ತಿದ್ದರಂತೆ.

"ಹುಷಾರಿಲ್ಲದವರಿಗೆ ರಿಯಾಯಿತಿ ಉಂಟಲ್ಲ ಉಮ್ಮಾ." ಹಮೀದ್ ಫೋನನ್ನು ಹತ್ತಿರಕ್ಕೆ ಹಿಡಿದರು.

"ಕೆಮ್ಮು ಹೋಯ್ತಲ್ಲ ಮಾರಾಯ. ಹುಷಾರಾದವಳಿಗೆ ಎಂಥ ರಿಯಾಯಿತಿ?"

"ಮಧ್ಯೆ ಮಧ್ಯೆ ಬಿಟ್ರೆ ಆಮೇಲೆ ಈ ಮದ್ದು ಹಿಡಿಯುವುದೇ ಇಲ್ಲ ಉಮ್ಮಾ," ಎಂದ ಶಾರದಾ ಅಲ್ಲಿಂದಲೇ ಆರೋಗ್ಯ ಕೇಂದ್ರದ ಡಾಕ್ಟರಿಗೆ ಧ್ವನಿಸಂದೇಶ ಕಳಿಸಿದರು. ನಮ್ಮ ಎರಡನೆಯ ಚಹಾ ಮುಗಿಯುವುದರೊಳಗೆ ಉತ್ತರ ಬಂತು: ದಿನಾ ಸಂಜೆ, ನೋಂಬು ಬಿಡುವ ಹೊತ್ತಿಗೆ ಮಾತ್ರೆ ಕೊಡಿ; ತೂಕ ಇಳಿದರೆ ನೋಂಬು ಬೇಡ.

"ಇದು ಮೊದಲೇ ಹೇಳಬಾರದಿತ್ತಾ?" ಎಂದರು ಉಮ್ಮ.

"ನೀವು ಕೇಳಬೇಕಿತ್ತಲ್ಲ," ಎಂದರು ಶಾರದಾ.

ಹಿರಿಯರನ್ನು ಹೀಗೆ ಕಾವಲು ಕಾಯುವುದು ಸರಿಯೇ ಎಂದು ಮಧ್ಯಾಹ್ನವೆಲ್ಲ ಯೋಚಿಸಿದೆ. ಇತ್ಯರ್ಥವಾಗಲಿಲ್ಲ.

ನಾಲ್ಕರ ಹೊತ್ತಿಗೆ ವಿದಾಯ ಹೇಳಲು ಹಮೀದರ ಹಾರ್ಡ್‌ವೇರ್ ಅಂಗಡಿಗೆ ಹೋದೆ. ಹೊರಗೆ ಇನ್ನೂ ಬಿಸಿಲು; ಫೋನಿನ ಪರದೆಯೊಳಗೆ, ಎರಡೂವರೆ ಗಂಟೆ ಮುಂದಿರುವ ಉಪ್ಪಿನಂಗಡಿಯ ಮನೆಗೆ ದೀಪ ಹಚ್ಚಿಯಾಗಿತ್ತು. ಉಮ್ಮ ಖರ್ಜೂರ ತಿಂದು, ಮಾತ್ರೆ ಹಾಕಿಕೊಂಡು, ಗಟಗಟ ನೀರು ಕುಡಿದು ಲೋಟ ಬೋರಲು ಹಾಕಿದರು. ಬಾಯಿ ಅಗಲಿಸಿ ನಾಲಿಗೆಯನ್ನೂ ಎತ್ತಿ ತೋರಿಸಿದರು.

"ಈಗ ನೀನು ಬಾಯಿ ತೆರೆ. ಮಧ್ಯಾಹ್ನದ ಶುಗರ್ ಮಾತ್ರೆ ತಗೊಂಡ್ಯಾ?"

ಹಮೀದ್ ಮೇಜಿನ ಡ್ರಾಯರ್ ಎಳೆದರು.

"ಹುಡುಕು, ಹುಡುಕು," ಎಂದರು ಉಮ್ಮ. "ನಾನು ಫೋನು ಇಡುವುದಿಲ್ಲ."